‘ಆರಾಮ ಅದೀನ್ರಿ’ ಎಂದವರ ಆರೋಗ್ಯ ಅಳೆಯುವುದು ಹೇಗೆ?

1944ರಲ್ಲಿ ಕಲ್ಕತ್ತದ ಹತ್ತಿರದ ಸಿಂಗೂರಿನಲ್ಲಿ ಒಂದು ಆರೋಗ್ಯ ಸಮೀಕ್ಷೆ ನಡೆಯಿತು. ಬಂಗಾಳದ ಭೀಕರ ಬರಗಾಲ ಬಂದು ಹೋಗಿ ಆಗಷ್ಟೇ ಒಂದು ವರ್ಷವಾಗಿತ್ತು. ಸಮೀಕ್ಷೆಯವರು ಮನೆಮನೆಗೆ ಹೋಗಿ, ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳಿದರು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ನೂರಕ್ಕೆ 48.5 ಮಂದಿ ಕಾಯಿಲೆ ಇದೆ, ಇಲ್ಲವೇ ಆರೋಗ್ಯ ಅಷ್ಟಕ್ಕಷ್ಟೆ ಎಂದರು. ಗಂಡನನ್ನು ಕಳೆದುಕೊಂಡ ಹೆಂಗಸರಲ್ಲಿ ಹಾಗೆ ಹೇಳಿದವರು ನೂರಕ್ಕೆ ಬರೀ 2.5.

ಆ ಕಾಲದ ಬಂಗಾಳದ ಹಳ್ಳಿಯಲ್ಲಿ ವಿಧವೆಯ ಬದುಕು ಹೇಗಿತ್ತು ಅಂತ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಊಟ ಕಡಿಮೆ, ಔಷಧ ಇನ್ನೂ ಕಡಿಮೆ, ಕೆಲಸ ಮಾತ್ರ ಜಾಸ್ತಿ. ಆದರೂ ಅಂಕಿಗಳ ಪ್ರಕಾರ ಆ ಗಂಡಸರಿಗಿಂತ ಅವರೇ ಎಷ್ಟೋ ಹೆಚ್ಚು ಆರೋಗ್ಯವಂತರು!

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಈ ಸಿಂಗೂರಿನ ಲೆಕ್ಕವನ್ನು ಮತ್ತೆ ಮತ್ತೆ ನೆನಪಿಸಿದ್ದಾರೆ. 2002ರಲ್ಲಿ ಅವರು ಇನ್ನೊಂದು ಹೋಲಿಕೆಯನ್ನೂ ಮುಂದಿಟ್ಟರು. ಆಗ ದೇಶದಲ್ಲಿ ಹೆಚ್ಚು ಕಾಲ ಬದುಕುತ್ತಿದ್ದವರು ಕೇರಳದ ಜನ. ‘ನನಗೆ ಕಾಯಿಲೆ ಇದೆ’ ಎಂದು ಹೆಚ್ಚು ಹೇಳಿಕೊಳ್ಳುವವರೂ ಅವರೇ. ಬಿಹಾರದಲ್ಲಿ ಆಯುಸ್ಸು ಕಡಿಮೆ, ಕಾಯಿಲೆ ಹೇಳಿಕೊಳ್ಳುವವರೂ ಕಡಿಮೆ. ಅಮೆರಿಕದವರು ಕೇರಳದವರಿಗಿಂತಲೂ ಹೆಚ್ಚು ಕಾಯಿಲೆ ಹೇಳಿಕೊಳ್ಳುತ್ತಾರೆ. ಓದು ಬಂದಲ್ಲಿ, ಆಸ್ಪತ್ರೆ ಕೈಗೆಟುಕುವಲ್ಲಿ ಜನ ತಮ್ಮ ಮೈಯ ತೊಂದರೆಯನ್ನು ಗುರುತಿಸುತ್ತಾರೆ, ಅದಕ್ಕೊಂದು ಹೆಸರು ಕೊಡುತ್ತಾರೆ. ಅದಿಲ್ಲದ ಕಡೆ ಸೊಂಟನೋವು, ಸುಸ್ತು, ಬಿಳಿಸೆರಗು ಎಲ್ಲವೂ ‘ಇದ್ದದ್ದೇ’ ಆಗಿಬಿಡುತ್ತವೆ.

ನಮ್ಮ ಮನೆಗಳಲ್ಲೇ ನೋಡಿ. ರಾತ್ರಿಯೆಲ್ಲ ಕಾಲುನೋವಿನಿಂದ ನಿದ್ದೆ ಬಾರದ ಅಜ್ಜಿಯನ್ನು ಬೆಳಿಗ್ಗೆ ಬಂದ ನೆಂಟರು ಹೇಗಿದ್ದೀರಿ ಎಂದು ಕೇಳಿದರೆ ಬರುವ ಉತ್ತರ ‘ಆರಾಮ ಅದೀನ್ರಿ’. ಆಕೆ ಸುಳ್ಳು ಹೇಳುತ್ತಿಲ್ಲ. ಆ ಪ್ರಶ್ನೆಗೆ ಇನ್ನೊಂದು ಉತ್ತರ ಇರಬಹುದು ಎಂದು ಯಾರೂ ಆಕೆಗೆ ತೋರಿಸಿಕೊಟ್ಟಿಲ್ಲ, ಅಷ್ಟೆ.

ಆರೋಗ್ಯದ ಅಸಮಾನತೆಯನ್ನು ಅಂಕಿ ಹಿಡಿದು ಅಧ್ಯಯನ ಮಾಡುವ ಸಮಾಜ ವಿಜ್ಞಾನಿಗಳಿಗೆ ಎದುರಾಗುವ ದೊಡ್ಡ ಕಷ್ಟ ಇದೇ. ಯಾರಿಗೆ ಜಾಸ್ತಿ ಅನ್ಯಾಯ ಆಗಿದೆಯೋ ಅವರೇ ಕಡಿಮೆ ದೂರುತ್ತಾರೆ. ಸುಮ್ನೆ ಕೇಳಿ ಬರೆದುಕೊಂಡು ಬಂದರೆ ಅನ್ಯಾಯ ಇಲ್ಲವೇ ಇಲ್ಲ ಅನ್ನಿಸುತ್ತದೆ. ಕಳೆದ ಕೆಲವು ದಶಕಗಳಲ್ಲಿ ಈ ಮೌನವನ್ನು ದಾಟಲು ಅವರು ಕಂಡುಕೊಂಡ ದಾರಿಗಳೇನು, ಆ ದಾರಿಗಳು ಎಲ್ಲಿ ಮುಗಿದುಹೋಗುತ್ತವೆ ಎನ್ನುವುದನ್ನು ನಾವು ಸಾಮಾನ್ಯ ಓದುಗರೂ ತಿಳಿದಿರಬೇಕು. ಯಾಕೆಂದರೆ ಈ ಅಂಕಿಗಳ ಮೇಲೆಯೇ ನಮ್ಮ ಶಾಲೆಯ ಬಿಸಿಯೂಟದಿಂದ ಹಿಡಿದು ತಾಲ್ಲೂಕಿನ ಅನುದಾನದ ತನಕ ಬಹಳಷ್ಟು ತೀರ್ಮಾನವಾಗುತ್ತದೆ.

ಮೊದಲ ದಾರಿ ಸರಳವಾದದ್ದು. ಕೇಳಬೇಡ, ಅಳೆ. 1992-93ರಲ್ಲಿ ಶುರುವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮಾಡುವುದು ಇದನ್ನೇ. ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ಈ ಸಮೀಕ್ಷೆಯ ಐದನೇ ಸುತ್ತು 2019ರಿಂದ 2021ರ ತನಕ ನಡೆಯಿತು. ಸುಮಾರು 6.37 ಲಕ್ಷ ಮನೆ, 7 ಲಕ್ಷಕ್ಕೂ ಹೆಚ್ಚು ಮಹಿಳೆಯರು. ಸಿಬ್ಬಂದಿ ಮನೆಗೆ ತೂಕದ ಯಂತ್ರ, ಎತ್ತರ ಅಳೆಯುವ ಹಲಗೆ ಹೊತ್ತು ತರುತ್ತಾರೆ. ಮಗುವಿನ ಎತ್ತರ ಅಳೆಯುತ್ತಾರೆ. ಐದನೇ ಸುತ್ತಿನಲ್ಲಿ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ಕೂಡ ನೋಡಿದ್ದರು. ಅಮ್ಮ ‘ಮಗು ಚೆನ್ನಾಗಿದೆ’ ಎಂದರೂ, ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ ಹಲಗೆ ಅದನ್ನು ತೋರಿಸುತ್ತದೆ.

ಅಳತೆಗೂ ಅದರದೇ ತಕರಾರುಗಳಿವೆ. ಐದನೇ ಸುತ್ತಿನಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67 ಮಂದಿಗೆ ರಕ್ತಹೀನತೆ ಇದೆ ಎಂದು ಬಂತು. ಆದರೆ 2016-18ರಲ್ಲಿ ನಡೆದ ಇನ್ನೊಂದು ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ಆ ಪ್ರಮಾಣ ಶೇ 41ರ ಹತ್ತಿರ ಇತ್ತು. ಅಲ್ಲಿ ಬೆರಳಿನ ಹನಿಯ ಬದಲು ರಕ್ತನಾಳದಿಂದ ರಕ್ತ ತೆಗೆದಿದ್ದರು. ಯಾವುದು ಸರಿ? ತಜ್ಞರ ನಡುವೆ ಜೋರು ಚರ್ಚೆಯೇ ಆಯಿತು. ಆರನೇ ಸುತ್ತಿನಿಂದ ಸರ್ಕಾರ ಆ ಪರೀಕ್ಷೆಯನ್ನೇ ಕೈಬಿಟ್ಟು, ಅದಕ್ಕೆ ಬೇರೊಂದು ಸಮೀಕ್ಷೆ ಇಟ್ಟುಕೊಳ್ಳಲು ಹೊರಟಿತು.

ಇಲ್ಲಿ ಒಂದು ಮಾತು ಹೇಳಬೇಕು. ಒಟ್ಟು ಎಷ್ಟು ಎನ್ನುವ ಜಗಳದಲ್ಲಿ, ಯಾರಿಗೆ ಎಷ್ಟು ಎನ್ನುವುದು ಮರೆತೇ ಹೋಗುತ್ತದೆ. ತಕ್ಕಡಿಯಲ್ಲಿ ಅರ್ಧ ಕಿಲೋ ತಪ್ಪಿದ್ದರೆ ಎಲ್ಲರ ತೂಕವೂ ಅರ್ಧ ಕಿಲೋ ತಪ್ಪಾಗಿ ಬರುತ್ತದೆ. ಆದರೆ ಅದೇ ತಕ್ಕಡಿಯಲ್ಲಿ ತೂಗಿದ ಇಬ್ಬರ ನಡುವಿನ ಅಂತರ ಬದಲಾಗುವುದಿಲ್ಲ. ಬಡವರ ಮಕ್ಕಳಿಗೂ ಉಳ್ಳವರ ಮಕ್ಕಳಿಗೂ ಇರುವ ವ್ಯತ್ಯಾಸ ಅಷ್ಟು ಸುಲಭವಾಗಿ ಅಳತೆಯ ದೋಷದ ಹಿಂದೆ ಅಡಗುವುದಿಲ್ಲ. ಅಸಮಾನತೆಯನ್ನು ಅಧ್ಯಯನ ಮಾಡುವವರಿಗೆ ಅದೇ ಮುಖ್ಯ.

ಎರಡನೇ ದಾರಿ ಸರಾಸರಿಯನ್ನು ಒಡೆಯುವುದು. ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ದೇಶದ ಸರಾಸರಿ ಶೇ 35.5. ಹೆಚ್ಚುಕಡಿಮೆ ಒಂದೇ. ಐಟಿ, ವಿಮಾನ, ಉಪಗ್ರಹ ಎಂದೆಲ್ಲ ಹೆಮ್ಮೆಪಡುವ ರಾಜ್ಯ ಈ ವಿಷಯದಲ್ಲಿ ದೇಶದ ನಡುಮಧ್ಯೆ ನಿಂತಿದೆ. ಅದೇ ಬೇಸರದ ಸಂಗತಿ. ಆದರೆ ನಿಜವಾದ ಕತೆ ಅದರೊಳಗಿದೆ. ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹೀಗಿದ್ದಾರೆ. ಕರಾವಳಿಯ, ಹಳೆ ಮೈಸೂರಿನ ಹಲವು ಜಿಲ್ಲೆಗಳಲ್ಲಿ ಪ್ರಮಾಣ ಅದಕ್ಕಿಂತ ಎಷ್ಟೋ ಕಡಿಮೆ. ‘ಕರ್ನಾಟಕದ ಶೇ 35’ ಎನ್ನುವ ಮಗು ಎಲ್ಲೂ ಇಲ್ಲ. ಯಾದಗಿರಿಯ ಮಗು ಇದೆ, ಉಡುಪಿಯ ಮಗು ಇದೆ.

ತಾಯಂದಿರ ಸಾವಿನ ಲೆಕ್ಕವನ್ನೂ ಹೀಗೆ ಪಕ್ಕಪಕ್ಕ ಇಟ್ಟು ನೋಡಬೇಕು. 2018-20ರ ಅವಧಿಯಲ್ಲಿ ದೇಶದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ 97 ತಾಯಂದಿರು ಸತ್ತರು. ಕರ್ನಾಟಕದಲ್ಲಿ 69. ದೇಶಕ್ಕೆ ಹೋಲಿಸಿದರೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಅದೇ ಅವಧಿಯಲ್ಲಿ ತಮಿಳುನಾಡಿನಲ್ಲಿ 54, ಆಂಧ್ರದಲ್ಲಿ 45, ತೆಲಂಗಾಣದಲ್ಲಿ 43, ಕೇರಳದಲ್ಲಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯವರು ನಾವು.

ಹೀಗೆ ಒಡೆದು ನೋಡುವ ಕೆಲಸ ನಮಗೆ ಹೊಸದಲ್ಲ. ಪ್ರೊ. ಡಿ.ಎಂ. ನಂಜುಂಡಪ್ಪ ನೇತೃತ್ವದ ಸಮಿತಿ 2002ರಲ್ಲೇ 35 ಸೂಚಕಗಳನ್ನು ಹಿಡಿದು, ಆಗ ಇದ್ದ 175 ತಾಲ್ಲೂಕುಗಳನ್ನು ಒಂದೊಂದಾಗಿ ತೂಗಿತ್ತು. 114 ತಾಲ್ಲೂಕುಗಳು ಹಿಂದುಳಿದವು ಎಂದು ಬಂತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವೇ. ಹೈದರಾಬಾದ್ ಕರ್ನಾಟಕ ಹಿಂದುಳಿದಿದೆ ಎಂದು ಭಾಷಣಗಳಲ್ಲಿ ಕೇಳುವುದು ಬೇರೆ, ಯಾವ ತಾಲ್ಲೂಕು ಯಾವ ವಿಷಯದಲ್ಲಿ ಎಷ್ಟು ಹಿಂದೆ ಎಂದು ಪಟ್ಟಿ ಕೈಯಲ್ಲಿ ಹಿಡಿಯುವುದು ಬೇರೆ. ಆ ಪಟ್ಟಿ ಬಂದ ಮೇಲೆ ಅನುದಾನದ ವಾದಕ್ಕೆ ಒಂದು ನೆಲೆ ಸಿಕ್ಕಿತು. ಮುಂದೆ ಆ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಹೋರಾಟಕ್ಕೂ ಅದು ಬಲ ಕೊಟ್ಟಿತು. 2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಇಂಥದೇ ಇನ್ನೊಂದು ಸಮಿತಿ ಮಾಡಿತು. ಎರಡು ದಶಕ ಕಳೆದ ಮೇಲೂ ಮತ್ತೆ ಅದೇ ಪ್ರಶ್ನೆ ಕೇಳಬೇಕಾಗಿ ಬಂದಿದೆ ಎನ್ನುವುದೇ ಬಹಳಷ್ಟು ಹೇಳುತ್ತದೆ.

ಊರಿನಿಂದ ಊರಿಗೆ ಒಡೆದದ್ದಾಯಿತು. ಒಂದೇ ಊರಿನಲ್ಲಿ ಬಡವರು ಯಾರು, ಉಳ್ಳವರು ಯಾರು ಎಂದು ಗೊತ್ತಾಗುವುದು ಹೇಗೆ? ನಿಮ್ಮ ಆದಾಯ ಎಷ್ಟು ಎಂದು ಕೇಳಿದರೆ ನಮ್ಮಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ರೈತನಿಗೆ, ಕೂಲಿಯವರಿಗೆ ತಿಂಗಳ ಆದಾಯ ಎನ್ನುವುದೇ ಇರುವುದಿಲ್ಲ. ಅದಕ್ಕೆ ಸಂಶೋಧಕರು ಒಂದು ಉಪಾಯ ಹುಡುಕಿದರು. ಮನೆಯ ನೆಲ ಮಣ್ಣಿನದೋ ಸಿಮೆಂಟಿನದೋ, ಫ್ಯಾನ್ ಇದೆಯೇ, ಸೈಕಲ್ ಇದೆಯೇ, ಟಿವಿ, ಫ್ರಿಜ್, ಶೌಚಾಲಯ ಇದೆಯೇ, ಅಡುಗೆ ಯಾವುದರಲ್ಲಿ? ಇದನ್ನೆಲ್ಲ ಸೇರಿಸಿ ಒಂದು ಅಂಕ ಕೊಟ್ಟು, ಮನೆಗಳನ್ನು ಐದು ಪಾಲು ಮಾಡುತ್ತಾರೆ. ಈಗ ಜಗತ್ತಿನ ಎಷ್ಟೋ ಬಡ ದೇಶಗಳ ಸಮೀಕ್ಷೆಗಳಲ್ಲಿ ಬಳಸುವ ಈ ವಿಧಾನವನ್ನು ಫಿಲ್ಮರ್ ಮತ್ತು ಪ್ರಿಚೆಟ್ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲಿ ಒರೆಗೆ ಹಚ್ಚಿ ತೋರಿಸಿದ್ದು ನಮ್ಮದೇ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಸುತ್ತಿನ ಅಂಕಿಗಳ ಮೇಲೆ. ಸಮೀಕ್ಷೆಯವರು ಬಂದು ‘ನಿಮ್ಮಲ್ಲಿ ಫ್ರಿಜ್ ಇದೆಯಾ’ ಎಂದು ಕೇಳಿದಾಗ ಸಿಟ್ಟಾಗುವವರಿದ್ದಾರೆ. ನಮ್ಮ ಫ್ರಿಜ್ ಕಟ್ಟಿಕೊಂಡು ಇವರಿಗೇನು ಅಂತ. ಅವರಿಗೆ ಬೇಕಾದದ್ದು ಫ್ರಿಜ್ ಅಲ್ಲ. ಆ ಮನೆಯ ಮಗುವಿನ ಎತ್ತರವನ್ನು ಯಾವ ಮನೆಯ ಮಗುವಿನ ಪಕ್ಕ ಇಟ್ಟು ನೋಡಬೇಕು ಎನ್ನುವ ಸುಳಿವು.

ಹಾಗೆ ಐದು ಪಾಲು ಮಾಡಿದರೆ ಏನು ಕಾಣುತ್ತದೆ? ಐದನೇ ಸುತ್ತಿನ ಅಂಕಿಗಳಲ್ಲಿ ದೇಶದ ಕಡುಬಡ ಪಾಲಿನಲ್ಲಿ ನೂರಕ್ಕೆ 46 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಉಳ್ಳವರ ಪಾಲಿನಲ್ಲಿ 23. ನಡುವಿನ ಪಾಲುಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಬರುತ್ತವೆ. ಈ ಮೆಟ್ಟಿಲು ಬಡದೇಶಗಳದ್ದು ಮಾತ್ರ ಅಲ್ಲ. ಲಂಡನ್ನಿನಲ್ಲಿ 1967ರಿಂದ ಹದಿನೇಳು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದಲ್ಲೂ ಇದೇ ಕಂಡಿತು. ಅವರಲ್ಲಿ ಹಸಿದವರು ಯಾರೂ ಇರಲಿಲ್ಲ. ಎಲ್ಲರಿಗೂ ಸಂಬಳ ಇತ್ತು, ಸರ್ಕಾರಿ ವೈದ್ಯಸೇವೆ ಇತ್ತು. ಆದರೂ ಕೆಳಗಿನ ದರ್ಜೆಯ ನೌಕರರು ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕ ಹಾಕಿ ಕಳೆದರೂ ಅಂತರ ಪೂರ್ತಿ ಹೋಗಲಿಲ್ಲ.

ಹಾಗಾದರೆ ಬಡತನವೊಂದು ಹೋದರೆ ಎಲ್ಲ ಸರಿಹೋಗುತ್ತದೆಯೇ? ಹೌದು ಎಂದುಕೊಂಡಿದ್ದವರಿಗೆ 2022ರಲ್ಲಿ ಒಂದು ದೊಡ್ಡ ಉತ್ತರ ಸಿಕ್ಕಿತು. ಸಂಗೀತಾ ವ್ಯಾಸ್, ಪಾಯಲ್ ಹಾಥಿ, ಆಶಿಶ್ ಗುಪ್ತಾ ಎಂಬ ಮೂವರು ಸಂಶೋಧಕರು ಉತ್ತರ ಮತ್ತು ಪೂರ್ವ ಭಾರತದ ಒಂಬತ್ತು ರಾಜ್ಯಗಳ ಸುಮಾರು ಎರಡು ಕೋಟಿ ಜನರ ಅಂಕಿಗಳನ್ನು ಜಾಲಾಡಿದರು. ಮೇಲ್ಜಾತಿಯ ಹಿಂದೂಗಳಿಗೆ ಹೋಲಿಸಿದರೆ ಆದಿವಾಸಿಗಳ ಜೀವಿತಾವಧಿ ನಾಲ್ಕು ವರ್ಷಕ್ಕಿಂತ ಹೆಚ್ಚು ಕಡಿಮೆ. ದಲಿತರದ್ದು ಮೂರು ವರ್ಷಕ್ಕಿಂತ ಹೆಚ್ಚು ಕಡಿಮೆ. ಮುಸ್ಲಿಮರದ್ದು ಸುಮಾರು ಒಂದು ವರ್ಷ ಕಡಿಮೆ. ಆಮೇಲೆ ಅವರು ಆಸ್ತಿಪಾಸ್ತಿಯ ಲೆಕ್ಕ ತೆಗೆದರು. ಅಂದರೆ ಒಂದೇ ಮಟ್ಟದ ಬಡವರನ್ನು ಒಂದೇ ಮಟ್ಟದ ಬಡವರ ಜೊತೆ ಹೋಲಿಸಿದರು. ಅಂತರದಲ್ಲಿ ಅರ್ಧಕ್ಕಿಂತ ಕಡಿಮೆ ಭಾಗವನ್ನು ಮಾತ್ರ ಬಡತನ ವಿವರಿಸಿತು. ಉಳಿದದ್ದು ಹಾಗೇ ಉಳಿಯಿತು.

ಈ ‘ಉಳಿದದ್ದು’ ಎನ್ನುವುದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಅಷ್ಟೇ ದುಡ್ಡು, ಅಂಥದೇ ಮನೆ, ಆದರೂ ಒಬ್ಬರು ಬೇಗ ಸಾಯುತ್ತಾರೆ. ಇದಕ್ಕೆ ಕಾರಣ ಮನೆಯೊಳಗಿನ ವಸ್ತುಗಳ ಪಟ್ಟಿಯಲ್ಲಿ ಸಿಗುವುದಿಲ್ಲ. ಕೇರಿ ಎಲ್ಲಿದೆ, ನಲ್ಲಿ ಎಲ್ಲಿದೆ, ಚರಂಡಿ ಯಾವ ಕಡೆ ಹರಿಯುತ್ತದೆ, ನರ್ಸು ಯಾರ ಮನೆಯೊಳಗೆ ಕಾಲಿಡುತ್ತಾಳೆ, ಯಾರ ಮನೆಯ ಅಂಗಳದಲ್ಲೇ ನಿಂತು ಮಾತಾಡಿಸಿ ಹೋಗುತ್ತಾಳೆ, ಆಸ್ಪತ್ರೆಯಲ್ಲಿ ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ? ಈ ಪ್ರಶ್ನೆಗಳಿಗೆ ನಮ್ಮ ದೊಡ್ಡ ಸಮೀಕ್ಷೆಗಳಲ್ಲಿ ಕಾಲಂ ಇಲ್ಲ. ಅಂಕಿ ಇಲ್ಲಿ ಉತ್ತರ ಕೊಡಲಿಲ್ಲ. ಆದರೆ ಬಡತನದ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳುವ ದಾರಿಯನ್ನು ಮುಚ್ಚಿತು. ಜಾತಿ ಈಗ ಎಲ್ಲಿದೆ ಸ್ವಾಮಿ ಎಂದು ಕೇಳುವವರಿಗೆ ಮೂರು, ನಾಲ್ಕು ವರ್ಷಗಳ ಆಯುಸ್ಸು ಎಂದು ಬೆರಳಿಟ್ಟು ತೋರಿಸಬಹುದು.

ಒಮ್ಮೊಮ್ಮೆ ಅಂಕಿ ನಮ್ಮ ಊಹೆಯನ್ನು ಪೂರ್ತಿ ತಿರುಗಿಸಿಬಿಡುತ್ತದೆ. ದಶಕಗಳ ಕಾಲ ಒಂದು ಒಗಟು ಸಂಶೋಧಕರನ್ನು ಕಾಡುತ್ತಿತ್ತು. ಸರಾಸರಿ ಬಡವರಾಗಿದ್ದರೂ ಮುಸ್ಲಿಂ ಕುಟುಂಬಗಳ ಶಿಶುಗಳು ಹಿಂದೂ ಕುಟುಂಬಗಳ ಶಿಶುಗಳಿಗಿಂತ ಹೆಚ್ಚು ಬದುಕುಳಿಯುತ್ತಿದ್ದವು. ಯಾಕೆ? ಗೆರೂಸೊ ಮತ್ತು ಸ್ಪಿಯರ್ಸ್ ಎಂಬಿಬ್ಬರು ಇದನ್ನು ಬಿಡಿಸಿದರು. ಮುಸ್ಲಿಂ ಕುಟುಂಬಗಳಲ್ಲಿ ಶೌಚಾಲಯ ಬಳಸುವವರು ಹೆಚ್ಚು, ಬಯಲಿಗೆ ಹೋಗುವವರು ಕಡಿಮೆ. ಅವರ ನೆರೆಹೊರೆಯೂ ಹೆಚ್ಚಾಗಿ ಅಂಥವರದೇ. ಮುಖ್ಯ ವಿಷಯ ಮುಂದಿದೆ. ಅಂಥ ನೆರೆಯಲ್ಲಿ ವಾಸಿಸುವ ಹಿಂದೂ ಮಕ್ಕಳೂ ಹೆಚ್ಚು ಬದುಕುತ್ತಿದ್ದರು. ಮಗುವಿನ ಜೀವ ಅದರ ಮನೆಯವರು ಏನು ಮಾಡುತ್ತಾರೆ ಎನ್ನುವುದರ ಮೇಲೆ ಮಾತ್ರ ನಿಂತಿಲ್ಲ. ಪಕ್ಕದ ಮನೆಯವರ ಮೇಲೂ ನಿಂತಿದೆ.

ಈಗ ನಮ್ಮ ಕೊಪ್ಪಳಕ್ಕೆ ಬರೋಣ. ಇದನ್ನು ಹೇಳಬೇಕೆಂದೇ ಇಷ್ಟು ದೂರ ಬಂದೆ.

2000ದ ದಶಕದ ಆರಂಭದಲ್ಲಿ, ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿದ್ದ ಗೀತಾ ಸೇನ್, ಅವರ ಜೊತೆ ಅದಿತಿ ಅಯ್ಯರ್ ಮತ್ತಿತರರು ಕೊಪ್ಪಳ ಜಿಲ್ಲೆಯ 60 ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿದರು. ಬಹಳ ದಿನದ ಕಾಯಿಲೆ ಇರುವವರಲ್ಲಿ ಯಾರಿಗೆ ಚಿಕಿತ್ಸೆ ಸಿಗುತ್ತದೆ, ಯಾರಿಗೆ ಸಿಗುವುದೇ ಇಲ್ಲ, ಯಾರು ಅರ್ಧಕ್ಕೆ ಬಿಡುತ್ತಾರೆ ಎನ್ನುವುದು ಅವರ ಪ್ರಶ್ನೆಗಳಲ್ಲೊಂದು. ಹೆಂಗಸರಿಗೆ ಕಡಿಮೆ, ಗಂಡಸರಿಗೆ ಹೆಚ್ಚು. ಬಡವರಿಗೆ ಕಡಿಮೆ, ಉಳ್ಳವರಿಗೆ ಹೆಚ್ಚು. ಇಷ್ಟನ್ನು ಯಾರಾದರೂ ಊಹಿಸಬಹುದಿತ್ತು. ಅವರು ಅಲ್ಲಿಗೆ ನಿಲ್ಲಲಿಲ್ಲ. ಎರಡನ್ನೂ ಸೇರಿಸಿ ನಾಲ್ಕು ಗುಂಪು ಮಾಡಿದರು. ಉಳ್ಳ ಮನೆಯ ಗಂಡಸು, ಉಳ್ಳ ಮನೆಯ ಹೆಂಗಸು, ಬಡ ಮನೆಯ ಗಂಡಸು, ಬಡ ಮನೆಯ ಹೆಂಗಸು.

ಎರಡು ತುದಿ ಸುಲಭ. ಮೇಲೆ ಉಳ್ಳ ಮನೆಯ ಗಂಡಸು, ಕೆಳಗೆ ಬಡ ಮನೆಯ ಹೆಂಗಸು. ನಡುವಿನ ಇಬ್ಬರನ್ನು ನೋಡಿ. ಉಳ್ಳ ಮನೆಯ ಹೆಂಗಸಿಗೆ ದುಡ್ಡಿನ ಬಲ ಇದೆ, ಹೆಣ್ಣೆಂಬ ಅಡ್ಡಿ ಇದೆ. ಬಡ ಮನೆಯ ಗಂಡಸಿಗೆ ದುಡ್ಡಿಲ್ಲ, ಆದರೆ ಗಂಡು. ಚಿಕಿತ್ಸೆಯ ವಿಷಯದಲ್ಲಿ ಈ ಇಬ್ಬರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಬಂದು ನಿಲ್ಲುವುದನ್ನು ಅವರು ಕಂಡರು. ಗಂಡಾಗಿರುವುದು ಬಡತನದ ಏಟನ್ನು ಅಷ್ಟರಮಟ್ಟಿಗೆ ತಡೆಯುತ್ತದೆ. ಹಾಗಾದರೆ ಆ ಏಟು ಎಲ್ಲಿಗೆ ಹೋಯಿತು? ಅದೇ ಮನೆಯ ಹೆಂಗಸಿನ ಮೇಲೆ ಬಿತ್ತು. ಮನೆಯಲ್ಲಿ ಒಬ್ಬರ ಔಷಧಿಗೆ ಮಾತ್ರ ದುಡ್ಡಿದೆ ಎಂದಾಗ ಯಾರ ಔಷಧಿ ಮೊದಲು ನಿಲ್ಲುತ್ತದೆ ಎನ್ನುವುದು ನಮಗೆಲ್ಲ ಗೊತ್ತು. ಅವರು ಅದನ್ನು ಅಂಕಿಯಲ್ಲಿ ಹಿಡಿದರು.

ಇದು ದೊಡ್ಡ ಮಾತು. ‘ಬಡ ಕುಟುಂಬ’ ಎಂದು ನಾವು ಒಂದೇ ಉಸಿರಿಗೆ ಹೇಳುತ್ತೇವೆ. ಯೋಜನೆಗಳೂ ಕುಟುಂಬಕ್ಕೆ ಒಂದು ಕಾರ್ಡು ಎಂದೇ ಬರುತ್ತವೆ. ಆದರೆ ಕುಟುಂಬದ ಒಳಗೆ ಬಡತನ ಸಮನಾಗಿ ಹಂಚಿಹೋಗುವುದಿಲ್ಲ. ಒಂದೇ ಸೂರಿನ ಕೆಳಗೆ ಒಬ್ಬರು ಕಡಿಮೆ ಬಡವರು, ಇನ್ನೊಬ್ಬರು ಜಾಸ್ತಿ ಬಡವರು. ಸಿಂಗೂರಿನ ವಿಧವೆಯರು ಹೇಳದೇ ಬಿಟ್ಟದ್ದು ಇದನ್ನೇ ಇರಬಹುದು. ಕೊಪ್ಪಳದ ಸಮೀಕ್ಷೆ ಅದನ್ನು ಕಾಣುವಂತೆ ಮಾಡಿದ್ದು ಹೊಸ ಯಂತ್ರದಿಂದ ಅಲ್ಲ. ಗೆರೆಯನ್ನು ಮನೆಯ ಹೊಸ್ತಿಲಿಗೆ ನಿಲ್ಲಿಸದೆ ಒಳಗೂ ಎಳೆದದ್ದರಿಂದ.

ಸಂಶೋಧನೆ ಮಾಡಿ ಏನಾಯಿತು, ಯಾರ ಹೊಟ್ಟೆ ತುಂಬಿತು ಎಂದು ಕೇಳುವುದು ನ್ಯಾಯವೇ. ನಮ್ಮ ರಾಜ್ಯದಲ್ಲಿ ನಿಜವಾಗಿಯೂ ಹೊಟ್ಟೆ ತುಂಬಿದ ಒಂದು ಉದಾಹರಣೆ ಇದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದರು. ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು, ಸಂಘಟನೆಗಳು ವಿರೋಧಿಸಿದವು. ಆ ಹೊತ್ತಿಗೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಮಾಡಿದರು. ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದಿದ್ದ ಗದಗಿನ ಮಕ್ಕಳ ಜೊತೆ ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ವೇಗವಾಗಿ ಏರಿತ್ತು. ಹೆಣ್ಣುಮಕ್ಕಳಲ್ಲಿ ಅದು ಎದ್ದು ಕಾಣುತ್ತಿತ್ತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಯಾರ ತೂಕ ಜಾಸ್ತಿ ಎಂದು ಸುಮ್ನೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎರಡು ಜಿಲ್ಲೆ ಮೊದಲಿನಿಂದಲೇ ಬೇರೆ ಬೇರೆ. ಎಷ್ಟು ಏರಿತು ಎನ್ನುವುದನ್ನು ಹೋಲಿಸಬೇಕು. ಹಾಗೆ ಹೋಲಿಸಿದರೂ ಎಲ್ಲ ಅನುಮಾನ ಹೋಗುವುದಿಲ್ಲ. ತೀರಾ ಸಣಕಲು ಮಕ್ಕಳು ಊಟ ಸಿಕ್ಕ ಕೂಡಲೇ ಬೇಗ ಮೈ ತುಂಬಿಕೊಳ್ಳುವುದೂ ಇದೆ. ನನ್ನ ಮಟ್ಟಿಗೆ ಅದು ಮೊಟ್ಟೆಯ ವಿರುದ್ಧದ ವಾದ ಅಲ್ಲವೇ ಅಲ್ಲ, ಎಲ್ಲಿಂದ ಶುರುಮಾಡಬೇಕು ಎನ್ನುವುದಕ್ಕೆ ಸಾಕ್ಷಿ. 2022-23ರ ಶೈಕ್ಷಣಿಕ ವರ್ಷದಲ್ಲಿ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಆಯಿತು. ಮಕ್ಕಳ ತೂಕ ಬರೆದಿಟ್ಟ ಆ ಪುಸ್ತಕಗಳು ಇಲ್ಲದಿದ್ದರೆ ಆ ಚರ್ಚೆ ಯಾರ ನಂಬಿಕೆ ದೊಡ್ಡದು ಎನ್ನುವಲ್ಲಿಗೇ ನಿಂತುಬಿಡುತ್ತಿತ್ತು.

ಮೈಯ ಆರೋಗ್ಯ ಬಿಡಿ, ಮನಸ್ಸಿನ ನೆಮ್ಮದಿಯನ್ನು ಯಾವ ಹಲಗೆಯಲ್ಲಿ ಅಳೆಯುವುದು? 45 ವರ್ಷ ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು 2017-18ರಲ್ಲಿ ಮಾತಾಡಿಸಿದ ವೃದ್ಧಾಪ್ಯದ ರಾಷ್ಟ್ರೀಯ ಅಧ್ಯಯನ ಇದಕ್ಕೊಂದು ಜಾಣ ದಾರಿ ಹಿಡಿಯಿತು. ವೈದ್ಯರು ನಿಮಗೆ ಖಿನ್ನತೆ ಇದೆ ಎಂದಿದ್ದಾರೆಯೇ ಎಂದು ಕೇಳಿದಾಗ, 60 ದಾಟಿದವರಲ್ಲಿ ಹೌದು ಎಂದವರು ನೂರಕ್ಕೆ ಒಬ್ಬರೂ ಇಲ್ಲ, ಶೇ 0.8. ಆದರೆ ಖಿನ್ನತೆ ಎಂಬ ಹೆಸರು ಬಿಟ್ಟು, ಅದರ ಲಕ್ಷಣಗಳನ್ನು ಬಿಡಿಬಿಡಿಯಾಗಿ ಕೇಳಿದಾಗ, ಶೇ 8.3 ಮಂದಿಗೆ ತೀವ್ರ ಖಿನ್ನತೆ ಇರಬಹುದು ಎಂದು ಬಂತು. ಹತ್ತು ಪಟ್ಟು! ನಮ್ಮ ಹಿರಿಯರಿಗೆ ಖಿನ್ನತೆ ಗೊತ್ತಿಲ್ಲ. ‘ಯಾಕೋ ಮನಸ್ಸಿಗೆ ಸರಿ ಇಲ್ಲ’ ಎನ್ನುವುದು ಗೊತ್ತು. ಪ್ರಶ್ನೆ ಅವರ ಮಾತಿನಲ್ಲಿ ಬಂದರೆ ಉತ್ತರವೂ ಬರುತ್ತದೆ.

ಹೊತ್ತಿನ ಲೆಕ್ಕವೂ ನೆಮ್ಮದಿಯ ಲೆಕ್ಕವೇ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ, ತಮ್ಮ ಮನೆಯ ಕೆಲಸ ಮಾಡುವ ಹೆಂಗಸರು 2019ರಲ್ಲಿ ದಿನಕ್ಕೆ 299 ನಿಮಿಷ ಅದಕ್ಕೇ ಕೊಡುತ್ತಿದ್ದರು. ಗಂಡಸರು 97 ನಿಮಿಷ. 2024ರಲ್ಲಿ ಹೆಂಗಸರದ್ದು 289, ಗಂಡಸರದ್ದು 88. ಐದು ವರ್ಷದಲ್ಲಿ ಇಬ್ಬರದ್ದೂ ಕಡಿಮೆಯಾಗಿದೆ. ಅಂತರ ಮಾತ್ರ ಅಲ್ಲೇ ಇದೆ.

ಅಂಕಿ ಓದುವಾಗ ಎಷ್ಟು ಎಚ್ಚರ ಬೇಕು ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಇನ್ನೊಂದು ಅಂಕಿ ಇದೆ. ಗಂಡನಿಂದ ಹಿಂಸೆ ಅನುಭವಿಸಿದ್ದೇನೆ ಎಂದು ಹೇಳಿದ ಮಹಿಳೆಯರು ನಾಲ್ಕನೇ ಸುತ್ತಿನ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಶೇ 20.6 ಇದ್ದರು. ಐದನೇ ಸುತ್ತಿನಲ್ಲಿ ಶೇ 44.4. ದೇಶದಲ್ಲೇ ಹೆಚ್ಚು. ಲಾಕ್‌ಡೌನ್ ಕಾರಣ ಎಂದು ಹೇಳುವಂತಿಲ್ಲ, ಕರ್ನಾಟಕದಲ್ಲಿ ಸಮೀಕ್ಷೆ 2019ರಲ್ಲೇ ಮುಗಿದಿತ್ತು. ನಾಲ್ಕೇ ವರ್ಷದಲ್ಲಿ ಕರ್ನಾಟಕದ ಗಂಡಸರು ಎರಡು ಪಟ್ಟು ಕ್ರೂರಿಗಳಾದರೇ? ಅಥವಾ ಹೆಚ್ಚು ಹೆಂಗಸರು ಬಾಯಿಬಿಟ್ಟರೇ? ಈ ಪ್ರಶ್ನೆ ಕೇಳುವಾಗ ಅಕ್ಕಪಕ್ಕ ಯಾರೂ ಇರಬಾರದು, ಯಾರಾದರೂ ಬಂದರೆ ಮಾತು ನಿಲ್ಲಿಸಬೇಕು ಎನ್ನುವುದು ನಿಯಮ. ಕೇಳುವ ಹುಡುಗಿ ಎಷ್ಟು ತಾಳ್ಮೆಯಿಂದ ಕೂತಳು, ಅತ್ತೆ ಒಳಗೆ ಹೋಗುವವರೆಗೆ ಕಾದಳೋ ಇಲ್ಲವೋ, ಇದರ ಮೇಲೆ ಅಂಕಿ ಏರಿಳಿಯಬಹುದು. ಹೇಳಿಕೊಂಡವರು ಹೆಚ್ಚಾಗಿದ್ದರೆ, ಹಳೆಯ 20.6ರ ಹಿಂದೆ ಮುಚ್ಚಿಹೋದ ಮೌನ ಎಷ್ಟು ದೊಡ್ಡದಿತ್ತು ಎಂದು ನೆನೆದರೆ ಹೊಟ್ಟೆ ತೊಳಸುತ್ತದೆ. ಹಿಂಸೆಯೇ ಹೆಚ್ಚಾಗಿದ್ದರೂ ಅಷ್ಟೇ. ಎರಡರಲ್ಲಿ ಯಾವುದಾದರೂ, ರಾಜ್ಯ ಇದನ್ನು ಒಂದು ತುರ್ತು ಎಂದು ಹಿಡಿಯಬೇಕಿತ್ತು. ಆ ಅಂಕಿ ಬಂದ ದಿನ ಸುದ್ದಿಯಾಯಿತು, ಆಮೇಲೆ ಮರೆತುಹೋಯಿತು.

ಮುಂದಿನ ಕೆಲವು ವರ್ಷ ಈ ಕೆಲಸ ಇನ್ನೂ ಕಷ್ಟವಾಗಲಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಅದು ಈಗ 2027ರದು, ಜಾತಿ ಎಣಿಕೆಯೂ ಸೇರಿ. ಯಾವ ಊರಲ್ಲಿ ಎಷ್ಟು ಮನೆ ಎಂದು ತಿಳಿಯಲು ಐದನೇ ಸುತ್ತಿನ ಸಮೀಕ್ಷೆ 2011ರ ಪಟ್ಟಿಯನ್ನೇ ಹಿಡಿದಿತ್ತು. 2011ರ ಬೆಂಗಳೂರಿಗೂ ಇವತ್ತಿನ ಬೆಂಗಳೂರಿಗೂ ಏನು ಹೋಲಿಕೆ? ಇತ್ತ ರಾಜ್ಯದಲ್ಲಿ 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ 60 ಪ್ರಶ್ನೆಗಳ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಸಿತು. ಶಿಕ್ಷಕರು ಬಿಸಿಲು ಮಳೆ ಎನ್ನದೆ ತಿರುಗಿದರು. ಭಾಗವಹಿಸುವುದು ಸ್ವಇಚ್ಛೆಗೆ ಬಿಟ್ಟದ್ದು, ಮಾಹಿತಿ ಗುಟ್ಟಾಗಿರಬೇಕು ಎಂದು ಹೈಕೋರ್ಟ್ ಹೇಳಿತು. ಸರಿಯೇ. ಬಾಗಿಲು ತೆರೆಯದೆ ಇರುವ ಹಕ್ಕು ಎಲ್ಲರಿಗೂ ಇದೆ. ಆದರೆ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ‘ಬೇಡ’ ಎನ್ನುವ ಅನುಕೂಲ ಇರುವುದು ಉಳ್ಳವರಿಗೆ. ಮೇಲಿನ ಮೆಟ್ಟಿಲಿನವರು ಲೆಕ್ಕದಿಂದ ಹೊರಗುಳಿದರೆ ಮೆಟ್ಟಿಲು ಎಷ್ಟು ಎತ್ತರದ್ದು ಎಂದು ಅಳೆಯುವುದು ಹೇಗೆ? ಅಸಮಾನತೆಯ ಲೆಕ್ಕಕ್ಕೆ ಬಡವರ ಉತ್ತರ ಎಷ್ಟು ಬೇಕೋ ಉಳ್ಳವರ ಉತ್ತರವೂ ಅಷ್ಟೇ ಬೇಕು.

ಇನ್ನು ಗುಳೆ ಹೋದವರದ್ದು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬಂದ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿ ಇರುತ್ತವೆ. ಮಕ್ಕಳೂ ಜೊತೆಗೇ. ಕುಟುಂಬ ಆರೋಗ್ಯ ಸಮೀಕ್ಷೆ ಅಳೆಯುವುದು ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದ ಮಕ್ಕಳನ್ನು. ಊರಿನ ಮನೆಗೆ ಬೀಗ ಬಿದ್ದಿದ್ದರೆ ಆ ಮಗು ಯಾದಗಿರಿಯ ಲೆಕ್ಕದಲ್ಲಿ ಇಲ್ಲ. ಶೆಡ್ಡು ಪಟ್ಟಿಯಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಲೆಕ್ಕದಲ್ಲೂ ಇಲ್ಲ. ಪಟ್ಟಿಯಲ್ಲಿ ಇದ್ದರೂ ಬೆಂಗಳೂರಿನ ಲಕ್ಷಾಂತರ ಮಕ್ಕಳ ಸರಾಸರಿಯಲ್ಲಿ ಕರಗಿಹೋಗುತ್ತದೆ. ಆ ಮಗುವಿಗೆ ಅಂಗನವಾಡಿಯ ಹೆಸರು ಒಂದು ಊರಲ್ಲಿ, ಹಸಿವು ಇನ್ನೊಂದು ಊರಲ್ಲಿ. ಮುಂದಿನ ಸಮೀಕ್ಷೆಯ ಪ್ರಶ್ನೆಪಟ್ಟಿ ಮಾಡುವವರು ಒಂದೇ ಒಂದು ಸಾಲು ಸೇರಿಸಿದರೂ ಸಾಕು, ಇಂಥ ಮಕ್ಕಳಲ್ಲಿ ಪಟ್ಟಿಗೆ ಸಿಕ್ಕವರಾದರೂ ಮೊದಲ ಬಾರಿಗೆ ಕಾಣಿಸುತ್ತಾರೆ: ‘ಹೋದ ದೀಪಾವಳಿಯಿಂದ ಈ ದೀಪಾವಳಿಯ ತನಕ ಈ ಮಗು ಯಾವ ಯಾವ ಊರಲ್ಲಿ ಎಷ್ಟೆಷ್ಟು ತಿಂಗಳು ಇತ್ತು?’